‘ಸ್ತ್ರೀಸಹಜ’ ಎಂಬ ವಿಶೇಷಣ: ಬೀಜದ ಹೊಲದಿಂದ ಒಂದು ಮರುಚಿಂತನೆ

೧

ಕನ್ನಡ ವಿಮರ್ಶೆ ಹಾಗೂ ಸಂಶೋಧನೆಗಳಲ್ಲಿ ಆಧಾರ ಕೇಳಿಸಿಕೊಳ್ಳದೆ ಬಳಕೆಯಾಗುವ ಪದಗಳು ಹಲವಿವೆ. ಅವುಗಳಲ್ಲಿ ‘ಸ್ತ್ರೀಸಹಜ’ ಎಂಬುದೂ ಒಂದು. ಅಕ್ಕಮಹಾದೇವಿಯಲ್ಲಿ ಸ್ತ್ರೀಸಹಜವಾದ ಆರ್ದ್ರತೆ, ಸಂಚಿಯ ಹೊನ್ನಮ್ಮನಲ್ಲಿ ಸ್ತ್ರೀಸಹಜವಾದ ವಿನಯ, ತ್ರಿವೇಣಿಯವರಲ್ಲಿ ಸ್ತ್ರೀಸಹಜವಾದ ಸೂಕ್ಷ್ಮತೆ, ಜನಪದ ಗರತಿಯಲ್ಲಿ ಸ್ತ್ರೀಸಹಜವಾದ ತವರಿನ ಹಂಬಲ - ಈ ಬಗೆಯ ವಾಕ್ಯಗಳನ್ನು ಓದದೆ, ಬರೆಯದೆ ಕನ್ನಡ ಎಂ.ಎ. ಮುಗಿಸಿದವರು ವಿರಳ. ಪಂಪನ ವೀರವನ್ನಾಗಲಿ ಕುವೆಂಪು ಅವರ ನಿಸರ್ಗಪ್ರೀತಿಯನ್ನಾಗಲಿ ‘ಪುರುಷಸಹಜ’ವೆಂದು ಹೇಳಿ ವಿವರಣೆಯನ್ನು ಅಲ್ಲಿಗೇ ಮುಗಿಸುವ ರೂಢಿ ಮಾತ್ರ ನಮ್ಮಲ್ಲಿಲ್ಲ. ಗಂಡಸಿನ ಬರಹಕ್ಕೆ ಕಾಲ, ಪ್ರಭುತ್ವ, ಪಂಥ, ಓದು, ಪ್ರತಿಭೆ ಇವೆಲ್ಲ ಕಾರಣಗಳಾಗುತ್ತವೆ. ಹೆಂಗಸಿನ ಬರಹಕ್ಕೆ ಅವಳ ಹುಟ್ಟೇ ಕಾರಣವಾಗುತ್ತದೆ.

‘ಸಹಜ’ ಎಂಬುದರ ವ್ಯುತ್ಪತ್ತಿ ನಮಗೆಲ್ಲ ತಿಳಿದದ್ದೇ. ಜೊತೆಗೆ ಹುಟ್ಟಿದ್ದು ಸಹಜ. ಹೀಗಾಗಿ ‘ಸ್ತ್ರೀಸಹಜ’ ಎಂದು ಬರೆಯುವಾಗ ನಾವು ಅರಿತೋ ಅರಿಯದೆಯೋ ಜೀವವಿಜ್ಞಾನದ ಒಂದು ಹೇಳಿಕೆಯನ್ನು ಮಾಡುತ್ತಿರುತ್ತೇವೆ. ಈ ಗುಣ ಹೆಣ್ಣಿನ ದೇಹದೊಡನೆಯೇ ಬಂದದ್ದು, ಕಲಿತದ್ದಲ್ಲ, ಹೊರಿಸಿದ್ದಲ್ಲ ಎನ್ನುತ್ತಿರುತ್ತೇವೆ. ಸಾಹಿತ್ಯದ ಮಾತು ಎಂಬ ಕಾರಣಕ್ಕೆ ಇದಕ್ಕೆ ವಿನಾಯಿತಿ ದೊರೆಯಲಾರದು. ಹುಟ್ಟಿನ ಬಗೆಗಿನ ಹೇಳಿಕೆಯನ್ನು ಹುಟ್ಟಿನ ವಿಜ್ಞಾನದ ಮುಂದೆಯೇ ಇಟ್ಟು ನೋಡಬೇಕಾಗುತ್ತದೆ. ಹೆಣ್ಣುಗಂಡುಗಳ ಭೇದವನ್ನು ಕುರಿತ ಕೆಲವು ಲೋಕರೂಢಿಯ ನಂಬಿಕೆಗಳನ್ನು ಹಿರೇಕೆರೂರು ಸೀಮೆಯ ನಿದರ್ಶನಗಳ ಮೂಲಕ ಪರಿಶೀಲಿಸಿ, ಈ ವಿಶೇಷಣವನ್ನು ನಮ್ಮ ಸಂಶೋಧನೆಯ ಪರಿಭಾಷೆಯಿಂದ ಕೈಬಿಡುವುದು ಯುಕ್ತವೆಂದು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕು ಸರ್ವಜ್ಞನ ನೆಲವೆಂದು ಕನ್ನಡ ಅಧ್ಯಾಪಕರಿಗೆ ಪರಿಚಿತ. ಇದೇ ಸೀಮೆ ಹೈಬ್ರಿಡ್ ಬೀಜೋತ್ಪಾದನೆಗೂ ಹೆಸರಾದುದು. ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಭಾಗದ ರೈತರು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡು ಹತ್ತಿಯ, ತರಕಾರಿಗಳ ಬೀಜ ಬೆಳೆಯುತ್ತ ಬಂದಿದ್ದಾರೆ. ೧೯೭೨ರಲ್ಲಿ ಧಾರವಾಡದಿಂದ ಬಿಡುಗಡೆಯಾದ ‘ವರಲಕ್ಷ್ಮಿ’, ೧೯೮೧ರಲ್ಲಿ ಬಂದ ಡಿಸಿಎಚ್-೩೨ ಅಥವಾ ‘ಜಯಲಕ್ಷ್ಮಿ’ ತಳಿಗಳು ಈ ಭಾಗದ ಹತ್ತಿ ಬೇಸಾಯದ ಚರಿತ್ರೆಯನ್ನೇ ಬದಲಿಸಿದವು.

ಬೀಜದ ಹತ್ತಿಯ ಹೊಲದಲ್ಲಿ ನಡೆಯುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹತ್ತಿಯ ಹೂವು ದ್ವಿಲಿಂಗಿ. ಒಂದೇ ಹೂವಿನಲ್ಲಿ ಕೇಸರವೂ ಇರುತ್ತದೆ, ಅಂಡಾಶಯವೂ ಇರುತ್ತದೆ. ಹೊಲದಲ್ಲಿ ಮಾತ್ರ ಒಂದು ತಳಿಯನ್ನು ‘ಗಂಡು’ ಎಂದೂ ಇನ್ನೊಂದನ್ನು ‘ಹೆಣ್ಣು’ ಎಂದೂ ಕರೆಯುತ್ತಾರೆ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಮಧ್ಯಾಹ್ನದಿಂದ ಸಂಜೆಯೊಳಗೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳನ್ನೂ ಕೇಸರದ ಕವಚವನ್ನೂ ಒಟ್ಟಿಗೆ ಸುಲಿದು ತೆಗೆಯುತ್ತಾರೆ. ಒಳಗಿನ ಅಂಡಾಶಯಕ್ಕೆ ಉಗುರು ತಾಕಿದರೆ ಕಾಯಿ ಕಟ್ಟುವುದಿಲ್ಲ. ಒಂದು ಪರಾಗಕೋಶ ಉಳಿದರೂ ಬೀಜ ಕೆಡುತ್ತದೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂವನ್ನು ತಂದು ಅದರ ಪರಾಗವನ್ನು ಸವರುತ್ತಾರೆ. ಕೂಲಿಯವರ ಮಾತಿನಲ್ಲಿ ಇದು ‘ಕ್ರಾಸಿಂಗ್’. ವಾರಗಟ್ಟಲೆ, ದಿನವೂ ಎರಡು ಹೊತ್ತು ನಡೆಯುವ ಈ ಕೆಲಸದ ಬಹುಪಾಲು ಹೆಂಗಸರದು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಈ ಹೊಲದ ‘ಹೆಣ್ಣು ಗಿಡ’ ಹುಟ್ಟಿನಿಂದ ಹೆಣ್ಣಲ್ಲ. ದಿನನಿತ್ಯ ಕೈಯಿಂದ ಅದನ್ನು ಹೆಣ್ಣು ಮಾಡಲಾಗುತ್ತದೆ. ಒಂದು ದಿನ ಕೈ ತಪ್ಪಿದರೂ ಆ ದಿನದ ಹೂವು ತನ್ನ ಮೊದಲಿನ ಸ್ಥಿತಿಗೇ ಮರಳುತ್ತದೆ. ಗಿಡದ ನಿದರ್ಶನದಿಂದ ಮನುಷ್ಯರ ಬಗೆಗೆ ಏನನ್ನೂ ಸಾಧಿಸಲಾಗದು, ನಿಜ. ಆದರೆ ‘ಹೆಣ್ಣು’ ಎಂಬ ಹೆಸರು ಯಾವಾಗಲೂ ಹುಟ್ಟನ್ನೇ ಸೂಚಿಸುತ್ತದೆ ಎಂದು ನಂಬಿದವರಿಗೆ ಈ ಹೊಲ ಒಂದು ಎಚ್ಚರಿಕೆಯನ್ನಂತೂ ಕೊಡಬಲ್ಲದು.

ಎರಡನೆಯದು ಇನ್ನೂ ಮುಖ್ಯವಾದದ್ದು. ಗಂಡು ಬೀಜ, ಹೆಣ್ಣು ಕ್ಷೇತ್ರ ಎಂಬ ರೂಪಕ ನಮ್ಮ ಪರಂಪರೆಯಲ್ಲಿ ಬಹು ಹಳೆಯದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಬೀಜ-ಕ್ಷೇತ್ರಗಳ ಚರ್ಚೆ ನಡೆಸಿ, ಹುಟ್ಟುವ ಜೀವದ ಲಕ್ಷಣವನ್ನು ನಿರ್ಧರಿಸುವುದು ಬೀಜವೇ ಎಂದು ಅದಕ್ಕೆ ಹಿರಿಮೆ ಕೊಡುತ್ತದೆ. ಸಮಾಜವಿಜ್ಞಾನಿ ಲೀಲಾ ದುಬೆ ೧೯೮೬ರ ತಮ್ಮ ಪ್ರಬಂಧವೊಂದರಲ್ಲಿ, ಮಕ್ಕಳ ಮೇಲೆ ಹಾಗೂ ಆಸ್ತಿಯ ಮೇಲೆ ಹೆಣ್ಣಿಗಿರುವ ಹಕ್ಕನ್ನು ಈ ರೂಪಕ ಹೇಗೆ ಕಿತ್ತುಕೊಳ್ಳುತ್ತದೆ ಎಂಬುದನ್ನು ವಿಶದಪಡಿಸಿದ್ದಾರೆ. ಬೆಳೆದದ್ದು ಬಿತ್ತಿದವನಿಗೆ ಸೇರುತ್ತದೆ, ನೆಲಕ್ಕಲ್ಲ ಎಂಬುದು ಅದರ ತರ್ಕ. ವಿಚಿತ್ರವೆಂದರೆ, ಬೆಳೆಯ ಶ್ರೇಯಸ್ಸಿಗೆ ಅರ್ಹವಲ್ಲದ ನೆಲ ದೋಷಕ್ಕೆ ಮಾತ್ರ ಅರ್ಹವಾಗುತ್ತದೆ. ಮಗುವಾಗದಿದ್ದರೆ ಅವಳು ‘ಬಂಜೆ’. ಸಾಲಾಗಿ ಹೆಣ್ಣು ಹುಟ್ಟಿದರೆ ಅದೂ ಅವಳದೇ ತಪ್ಪು.

ಈ ರೂಪಕ ವಿಜ್ಞಾನದ ಎದುರು ನಿಲ್ಲುವುದಿಲ್ಲ. ೧೭೬೦ರ ದಶಕದಲ್ಲಿಯೇ ಜರ್ಮನಿಯ ಕೋಲ್‌ರಾಯ್ಟರ್ ಹೊಗೆಸೊಪ್ಪಿನ ಎರಡು ಪ್ರಭೇದಗಳನ್ನು ಅದಲುಬದಲಾಗಿ ಸಂಕರಿಸಿ, ಯಾವುದನ್ನು ತಾಯಿಯಾಗಿಟ್ಟರೂ ಸಂತತಿ ಒಂದೇ ಬಗೆಯಾಗಿರುತ್ತದೆ ಎಂಬುದನ್ನು ಕಂಡನು. ೧೮೨೭ರಲ್ಲಿ ಫೋನ್ ಬೇಯರ್ ಸಸ್ತನಿಗಳ ಅಂಡಾಣುವನ್ನು ಗುರುತಿಸಿದನು. ಮನುಷ್ಯರಲ್ಲಿ ತಾಯಿಯಿಂದ ೨೩, ತಂದೆಯಿಂದ ೨೩ ವರ್ಣತಂತುಗಳು ಬರುತ್ತವೆ. ಅದರಾಚೆಗೆ ಕೋಶದ್ರವ್ಯವೂ ಮೈಟೋಕಾಂಡ್ರಿಯದ ಅನುವಂಶಿಕ ದ್ರವ್ಯವೂ ತಾಯಿಯಿಂದಲೇ ಬರುತ್ತವೆ. ಎಂದರೆ ‘ಕ್ಷೇತ್ರ’ದ ಪಾಲು ‘ಬೀಜ’ಕ್ಕಿಂತ ತುಸು ಹೆಚ್ಚೇ ಹೊರತು ಕಡಿಮೆಯಲ್ಲ. ಮಗು ಹೆಣ್ಣೋ ಗಂಡೋ ಎಂಬುದನ್ನು ತಂದೆಯ ವೀರ್ಯಾಣು ಹೊತ್ತು ತರುವ ಎಕ್ಸ್ ಅಥವಾ ವೈ ವರ್ಣತಂತು ನಿರ್ಧರಿಸುತ್ತದೆ. ೧೯೦೫ರಲ್ಲಿ ಹಿಟ್ಟಿನ ಹುಳುಗಳನ್ನು ಪರಿಶೀಲಿಸಿ ಇದರ ಸೂತ್ರವನ್ನು ಹಿಡಿದುಕೊಟ್ಟವರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ ಪ್ರಮುಖರು. ಮಕ್ಕಳಾಗದಿರುವ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹಾಗಿದ್ದೂ ‘ಬಂಜೆ’ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯ ಪುಲ್ಲಿಂಗ ರೂಪವಿಲ್ಲ. ‘ಷಂಡ’, ‘ನಪುಂಸಕ’ ಎಂಬವು ಬೇರೆಯೇ ಅರ್ಥದವು. ನಿಘಂಟಿನ ಈ ಖಾಲಿ ಜಾಗವೇ ಒಂದು ಸಾಮಾಜಿಕ ದಾಖಲೆ.

ಹಿರೇಕೆರೂರಿನ ಹೊಲದಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣಾಳಿಗೆ ಎರಡೂ ತಳಿಗಳ ಗುಣ ಸೇರಿದಾಗಲೇ ಬೀಜಕ್ಕೆ ಬೆಲೆ ಎಂಬುದು ಕೆಲಸದಿಂದಲೇ ಗೊತ್ತು. ಈ ಬೀಜವನ್ನು ಅದು ಬೆಳೆದ ‘ಹೆಣ್ಣು’ ಗಿಡದಿಂದಲೇ ಬಿಡಿಸಿ ತರುತ್ತಾರೆ. ಅದೇ ಹೆಣ್ಣು ಮನೆಗೆ ಮರಳಿದಾಗ ತಾನು ಬರಿಯ ಕ್ಷೇತ್ರವೆಂಬ ಮಾತನ್ನು ಕೇಳಬೇಕಾಗುತ್ತದೆ. ಭ್ರೂಣದ ಲಿಂಗಪತ್ತೆಯನ್ನು ತಡೆಯಲು ೧೯೯೪ರಲ್ಲಿ ಕಾಯಿದೆ ಮಾಡಬೇಕಾಗಿ ಬಂದ ದೇಶದಲ್ಲಿ ಇದು ಬರಿಯ ರೂಪಕದ ಪ್ರಶ್ನೆಯಾಗಿ ಉಳಿದಿಲ್ಲ.

೩

ಬೀಜದ ಹೊಲದ ಇನ್ನೊಂದು ನಂಬಿಕೆ ಬೆರಳಿಗೆ ಸಂಬಂಧಿಸಿದ್ದು. ಈ ಕೆಲಸಕ್ಕೆ ಹೆಂಗಸರೇ ಏಕೆ ಎಂದರೆ, ಅವರ ಬೆರಳು ನಯ, ಕೈ ಚುರುಕು, ತಾಳ್ಮೆ ಹೆಚ್ಚು ಎಂಬ ಉತ್ತರ ಬರುತ್ತದೆ. ಇದು ಹೊಗಳಿಕೆಯಂತೆ ಕೇಳಿಸುವ ನಂಬಿಕೆಯಾದ್ದರಿಂದ ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾದದ್ದು.

ಸಣ್ಣ ಗೂಟಗಳನ್ನು ಬೇಗಬೇಗ ರಂಧ್ರಗಳಲ್ಲಿ ಕೂರಿಸುವ ಪರೀಕ್ಷೆಗಳಲ್ಲಿ ಸರಾಸರಿಯಾಗಿ ಹೆಂಗಸರು ಮುಂದಿರುತ್ತಾರೆ ಎಂಬುದು ನಿಜ. ಆದರೆ ೧೯೯೦ರಲ್ಲಿ ಮೈಕೆಲ್ ಪೀಟರ್ಸ್ ಮತ್ತು ಸಂಗಡಿಗರು ಈ ಪರೀಕ್ಷೆಗೆ ಬಂದವರ ಬೆರಳಿನ ದಪ್ಪವನ್ನೂ ಅಳೆದು ಲೆಕ್ಕಕ್ಕೆ ತೆಗೆದುಕೊಂಡಾಗ ಹೆಣ್ಣುಗಂಡಿನ ವ್ಯತ್ಯಾಸ ಮಾಯವಾಯಿತು. ಸಣ್ಣ ವಸ್ತುವನ್ನು ತೆಳ್ಳನೆಯ ಬೆರಳು ಸಲೀಸಾಗಿ ಹಿಡಿಯುತ್ತದೆ. ಬೆರಳು ಹೆಣ್ಣಿನದೋ ಗಂಡಿನದೋ ಎಂಬುದು ಮುಖ್ಯವಲ್ಲ. ತೆಳ್ಳನೆಯ ಬೆರಳಿನ ಗಂಡಸು ಈ ಕೆಲಸದಲ್ಲಿ ಹಿಂದೆ ಬೀಳುವುದಿಲ್ಲ. ನಂಬಿಕೆಯಲ್ಲಿ ಸತ್ಯದ ಎಳೆಯೊಂದು ಇದೆ. ಆದರೆ ಅದಕ್ಕೆ ಕೊಟ್ಟ ಹೆಸರು ತಪ್ಪು.

ನಮ್ಮ ಸುತ್ತಿನ ಕಸುಬುಗಳನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ಚಿನ್ನದ ಎಳೆಯನ್ನು ಕೂಡಿಸುವ ಅಕ್ಕಸಾಲಿಗನ ಬೆರಳು, ಬೀದರಿನ ಬಿದ್ರಿ ಕೆಲಸದಲ್ಲಿ ಬೆಳ್ಳಿ ತಂತಿ ಕೂರಿಸುವ ಬೆರಳು, ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವ ಬೆರಳು ಹೆಚ್ಚಾಗಿ ಗಂಡಸರವೇ ಆಗಿದ್ದವು. ಅಲ್ಲೆಲ್ಲ ನಯವಾದ ಬೆರಳಿಗೆ ‘ಕೌಶಲ’ವೆಂಬ ಹೆಸರು, ಅದಕ್ಕೆ ತಕ್ಕ ಬೆಲೆ. ಧಾರವಾಡ ಸೀಮೆಯ ಕಸೂತಿಯಲ್ಲಿ, ಬೀಜದ ಹೊಲದಲ್ಲಿ ಅದೇ ನಯ ‘ಸಹಜಗುಣ’ವಾಗುತ್ತದೆ. ಕಲಿತದ್ದಕ್ಕೆ ಸಂಬಳ ಕೊಡಬೇಕು. ಹುಟ್ಟಿನಿಂದ ಬಂದದ್ದಕ್ಕೆ ಏನು ಕೊಡಬೇಕು? ಡಯಾನ್ ಎಲ್ಸನ್ ಮತ್ತು ರೂತ್ ಪಿಯರ್ಸನ್ ೧೯೮೧ರಲ್ಲಿ ಮೂರನೆಯ ಜಗತ್ತಿನ ರಫ್ತು ಕಾರ್ಖಾನೆಗಳನ್ನು ಕುರಿತು ತೋರಿಸಿಕೊಟ್ಟದ್ದು ಇದನ್ನೇ. ಮನೆಯಲ್ಲಿ ಬಾಲ್ಯದಿಂದ ಹೊಲಿಗೆ-ಅಡುಗೆಗಳಲ್ಲಿ ಪಡೆದ ತರಬೇತಿಯನ್ನು ತರಬೇತಿಯೆಂದು ಪರಿಗಣಿಸದೆ ಪ್ರಕೃತಿಯೆಂದು ಕರೆದಾಗ ಕೂಲಿ ಅಗ್ಗವಾಗುತ್ತದೆ.

ಈ ನಂಬಿಕೆಯ ಅತ್ಯಂತ ಕ್ರೂರವಾದ ರೂಪ ಆಂಧ್ರಪ್ರದೇಶದ ಹತ್ತಿ ಬೀಜದ ಹೊಲಗಳಲ್ಲಿ ಕಂಡುಬಂತು. ಅಲ್ಲಿ ಶಾಲೆ ಬಿಟ್ಟ ಹುಡುಗಿಯರ ದುಡಿಮೆಯನ್ನು ದಾವುಲೂರಿ ವೆಂಕಟೇಶ್ವರ್ಲು ಅವರ ಅಧ್ಯಯನಗಳು ದಾಖಲಿಸಿವೆ. ಎಳೆಯ ಬೆರಳು ಹೂವಿಗೆ ಹಿತವೆಂಬುದು ಮೇಲಿನ ಮಾತು. ಎಳೆಯ ಹುಡುಗಿಗೆ ಕಡಿಮೆ ಕೊಟ್ಟು ಹೆಚ್ಚು ಹೊತ್ತು ದುಡಿಸಬಹುದೆಂಬುದು ಒಳಗಿನ ಲೆಕ್ಕ. ಗಂಡುಹೆಣ್ಣುಗಳಿಗೆ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು ೧೯೭೬ರ ಕಾಯಿದೆ ಹೇಳಿತು, ೨೦೧೯ರ ವೇತನ ಸಂಹಿತೆಯೂ ಅದೇ ತತ್ತ್ವವನ್ನು ಹೇಳಿದೆ. ಹೀಗಿದ್ದೂ ಹಳ್ಳಿಯ ಮಾತಿನಲ್ಲಿ ‘ಗಂಡಾಳಿನ ಕೂಲಿ’, ‘ಹೆಣ್ಣಾಳಿನ ಕೂಲಿ’ ಎಂಬ ಎರಡು ದರಗಳು ಮಾಸಿಲ್ಲ. ಕಾಯಿದೆಗೆ ಎಟುಕದ ಜಾಗದಲ್ಲಿ ‘ಸಹಜ’ ಎಂಬ ಪದ ಕೆಲಸ ಮಾಡುತ್ತಿರುತ್ತದೆ.

೪

ದೇಹಬಲದ ವಿಷಯ ಬೇರೆ. ತೋಳಿನ ಬಲ, ಹಿಡಿತದ ಬಲಗಳಲ್ಲಿ ಗಂಡುಹೆಣ್ಣುಗಳ ಸರಾಸರಿ ಅಂತರ ದೊಡ್ಡದು. ಅದನ್ನು ಅಲ್ಲಗಳೆಯುವುದು ವಿಚಾರವಾಗದು. ಆದರೆ ‘ಹೆಂಗಸರು ದುರ್ಬಲರು’ ಎಂಬ ಮಾತಿನಲ್ಲಿ ಇರುವುದು ಇದಿಷ್ಟೇ ಅಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ ೫೭ ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ನೂರಕ್ಕೆ ೨೫. ಮುಟ್ಟು, ಬಸಿರು, ಬಾಣಂತನಗಳ ಪಾಲು ಇದರಲ್ಲಿದೆ. ಎಲ್ಲರದೂ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಯ ಪಾಲೂ ಇದೆ. ಎರಡನ್ನೂ ಒಟ್ಟಿಗೆ ಕಟ್ಟಿ ‘ಸಹಜ ದೌರ್ಬಲ್ಯ’ವೆಂದು ಕರೆದರೆ, ಕೊಡಬೇಕಾದ ಕಬ್ಬಿಣದ ಮಾತ್ರೆಯನ್ನೂ ಅನ್ನವನ್ನೂ ನಾವು ಮರೆಯುತ್ತೇವೆ.

ಬುದ್ಧಿಯ ವಿಷಯಕ್ಕೆ ಬಂದರೆ, ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆ ನಮ್ಮದು. ಯುರೋಪಿನ ವಿಜ್ಞಾನವೂ ಒಂದು ಕಾಲಕ್ಕೆ ಇದೇ ಗಾದೆಯನ್ನು ಅಳತೆಪಟ್ಟಿ ಹಿಡಿದು ಹೇಳುತ್ತಿತ್ತು. ೧೮೭೯ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಬೋನ್ ಹೆಂಗಸರ ಮಿದುಳನ್ನು ಗೊರಿಲ್ಲಾಗಳ ಮಿದುಳಿಗೆ ಹೋಲಿಸಿದ್ದು ವಿಜ್ಞಾನದ ಹೆಸರಿನಲ್ಲಿಯೇ. ಆದ್ದರಿಂದ ವಿಜ್ಞಾನವೆಂಬ ಹೆಸರು ಕೇಳಿದೊಡನೆ ಕೈಮುಗಿಯಬೇಕಾಗಿಲ್ಲ. ಅದು ತನ್ನ ತಪ್ಪನ್ನು ತಿದ್ದಿಕೊಂಡ ಬಗೆಯನ್ನು ನೋಡಬೇಕು. ಗಂಡಸರ ಮಿದುಳು ಸರಾಸರಿ ನೂರಕ್ಕೆ ೧೧ರಷ್ಟು ದೊಡ್ಡದು. ಗಾತ್ರದ ವ್ಯತ್ಯಾಸವನ್ನು ಕಳೆದರೆ ರಚನೆಯಲ್ಲಿ ಉಳಿಯುವ ಲಿಂಗಭೇದ ತೀರ ಅಲ್ಪ ಎಂದು ಲೀಸ್ ಎಲಿಯಟ್ ಮತ್ತು ಸಂಗಡಿಗರು ೨೦೨೧ರಲ್ಲಿ ದಶಕಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ಹೇಳಿದರು. ಅದಕ್ಕೂ ಮೊದಲು ೨೦೦೫ರಲ್ಲಿ ಜಾನೆಟ್ ಹೈಡ್ ಮನಶ್ಶಾಸ್ತ್ರದ ೪೬ ಸಮಗ್ರ ವಿಶ್ಲೇಷಣೆಗಳನ್ನು ಪರಿಶೀಲಿಸಿದಾಗ, ಅಳೆಯಲಾದ ಲಿಂಗಭೇದಗಳಲ್ಲಿ ನೂರಕ್ಕೆ ೭೮ರಷ್ಟು ಅಲ್ಪ ಇಲ್ಲವೆ ಶೂನ್ಯಕ್ಕೆ ಸಮೀಪವಾಗಿದ್ದವು. ಭೇದಗಳೇ ಇಲ್ಲವೆಂದು ಇದರ ಅರ್ಥವಲ್ಲ. ಎರಡು ಸರಾಸರಿಗಳ ನಡುವಿನ ಅಂತರಕ್ಕಿಂತ ಹೆಂಗಸರೊಳಗಿನ, ಗಂಡಸರೊಳಗಿನ ಅಂತರವೇ ಬಹಳ ದೊಡ್ಡದು ಎಂದು ಅರ್ಥ.

ನಮ್ಮ ದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಆಕಾರಗಳನ್ನು ಮನಸ್ಸಿನಲ್ಲಿ ಜೋಡಿಸುವ ಶಕ್ತಿ ಗಂಡಸರಲ್ಲಿ ಹೆಚ್ಚು ಎಂಬುದು ಬಲವಾಗಿ ಬೇರೂರಿದ ಅಭಿಪ್ರಾಯ. ೨೦೧೧ರಲ್ಲಿ ಹಾಫ್‌ಮನ್, ನೀಜಿ ಮತ್ತು ಲಿಸ್ಟ್ ಎಂಬ ವಿದ್ವಾಂಸರು ಈಶಾನ್ಯ ಭಾರತದ ಎರಡು ನೆರೆಯ ಸಮುದಾಯಗಳಿಗೆ ಒಂದೇ ಚಿತ್ರದ ಒಗಟನ್ನು ಕೊಟ್ಟರು. ಪಿತೃಮೂಲದ ಕಾರ್ಬಿಗಳಲ್ಲಿ ಗಂಡಸರು ಅದನ್ನು ಬೇಗ ಬಿಡಿಸಿದರು. ಆಸ್ತಿ ಹೆಣ್ಣುಮಕ್ಕಳಿಗೆ ಸಲ್ಲುವ ಮಾತೃಮೂಲದ ಖಾಸಿಗಳಲ್ಲಿ ಅಂತಹ ಅಂತರ ಕಾಣಲಿಲ್ಲ. ‘ಸಹಜ’ವಾದದ್ದು ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಬದಲಾಗುವುದಾದರೆ ಅದನ್ನು ಸಹಜವೆಂದು ಕರೆಯುವುದು ಹೇಗೆ?

ಹೆಂಗಸರು ಮಾತುಗಾರ್ತಿಯರು ಎಂಬ ನಂಬಿಕೆಗೂ ಇದೇ ಗತಿ. ೨೦೦೭ರಲ್ಲಿ ಮಥಿಯಾಸ್ ಮೆಲ್ ಮತ್ತು ಸಂಗಡಿಗರು ೩೯೬ ವಿದ್ಯಾರ್ಥಿಗಳ ದಿನದ ಮಾತನ್ನು ಯಂತ್ರದಲ್ಲಿ ಮುದ್ರಿಸಿಕೊಂಡು ಲೆಕ್ಕ ಹಾಕಿದಾಗ ಹೆಣ್ಣುಮಕ್ಕಳು ದಿನಕ್ಕೆ ಸುಮಾರು ೧೬,೨೧೫, ಗಂಡುಮಕ್ಕಳು ೧೫,೬೬೯ ಪದಗಳನ್ನಾಡಿದ್ದರು. ಈ ಅಂತರ ಗಣ್ಯವಲ್ಲ. ೨೦೨೫ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಮುಂದಿನ ಅಧ್ಯಯನದಲ್ಲಿ ೨೫ರಿಂದ ೬೪ ವಯಸ್ಸಿನ ಹೆಂಗಸರು ಮಾತ್ರ ಸುಮಾರು ಮೂರು ಸಾವಿರ ಪದ ಹೆಚ್ಚು ಆಡಿದ್ದು ಕಂಡುಬಂತು. ಅದಕ್ಕಿಂತ ಕಿರಿಯರಲ್ಲಿ, ಹಿರಿಯರಲ್ಲಿ ಅಂತಹ ಅಂತರ ಸ್ಪಷ್ಟವಾಗಲಿಲ್ಲ. ಮಕ್ಕಳನ್ನು ಸಾಕುವ ವಯಸ್ಸಿನಲ್ಲಿ ಕಾಣಿಸಿಕೊಂಡು ಆಮೇಲೆ ಕರಗುವ ಮಾತನ್ನು ಹುಟ್ಟಿಗಿಂತ ಹೊಣೆಗೆ ಸೇರಿಸುವುದೇ ಹೆಚ್ಚು ಸಂಭವನೀಯ.

೫

ಈ ಹಿನ್ನೆಲೆಯಲ್ಲಿ ನಮ್ಮ ಕ್ಷೇತ್ರಕ್ಕೆ ಮರಳಿ ಬರಬಹುದು. ಪರಂಪರೆ ಹೇಳುವ ಸರ್ವಜ್ಞನ ಜನ್ಮವೃತ್ತಾಂತವೇ ಬೀಜ-ಕ್ಷೇತ್ರಗಳ ಕಥೆಯಾಗಿದೆ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ. ಈ ವೃತ್ತಾಂತವನ್ನು ಹೇಳುವ ತ್ರಿಪದಿಗಳ ಅಧಿಕೃತತೆಯ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆದರೂ ತಂದೆಯ ಊರು, ತಾಯಿಯ ಊರು ಎರಡೂ ಅವನನ್ನು ತಮ್ಮವನೆಂದು ಹೇಳಿಕೊಳ್ಳುವುದು ಅರ್ಥಪೂರ್ಣ. ಸ್ಮೃತಿ ಬೀಜದ ಪರವಾಗಿ ತೀರ್ಪು ಕೊಟ್ಟಿದ್ದರೂ ಜನರ ನೆನಪು ಕ್ಷೇತ್ರದ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

೧೯೨೪ರಲ್ಲಿ ಉತ್ತಂಗಿ ಚನ್ನಪ್ಪನವರು ಸಂಪಾದಿಸಿ ಪ್ರಕಟಿಸಿದ ಸರ್ವಜ್ಞನ ವಚನಗಳಲ್ಲಿ ಹೆಣ್ಣನ್ನು ಕುರಿತ ಹೊಗಳಿಕೆಯೂ ಇದೆ, ಕಟುವಾದ ನಿಂದೆಯೂ ಇದೆ. ಅವುಗಳನ್ನು ‘ಲೋಕಾನುಭವ’ವೆಂದು, ‘ವಿವೇಕ’ವೆಂದು ನಾವು ಪಾಠ ಹೇಳುತ್ತೇವೆ. ೧೯೩೧ರಲ್ಲಿ ಹಲಸಂಗಿ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’ ಸಂಕಲನದಲ್ಲಿರುವುದೂ ಬಹುಮಟ್ಟಿಗೆ ತ್ರಿಪದಿಯೇ. ಅದೇ ಮೂರು ಸಾಲು, ಅದೇ ಛಂದಸ್ಸಿನ ಕುಟುಂಬ. ಬೀಸುವ ಕಲ್ಲಿನ ಮುಂದೆ ಕುಳಿತವಳು ಅತ್ತೆಯನ್ನು, ಗಂಡನನ್ನು, ಬಡತನವನ್ನು, ಒಡೆಯರನ್ನು ಕುರಿತು ಹೇಳುವ ಮಾತಿನಲ್ಲಿ ಲೋಕವಿಮರ್ಶೆ ಕಡಿಮೆಯೇನಿಲ್ಲ. ಆದರೆ ಅದು ನಮ್ಮ ಪ್ರಬಂಧಗಳಲ್ಲಿ ‘ಸ್ತ್ರೀಸಹಜ ಭಾವುಕತೆ’ಯಾಗುತ್ತದೆ. ಒಂದೇ ಛಂದಸ್ಸು ಗಂಡಿನ ಬಾಯಲ್ಲಿ ಅರಿವಾಗಿ, ಹೆಣ್ಣಿನ ಬಾಯಲ್ಲಿ ಸ್ವಭಾವವಾಗಿ ತೋರುವುದು ಪಠ್ಯದ ಗುಣವಲ್ಲ, ಓದಿನ ದೋಷ. ಸಂಕಲನದ ಹೆಸರು ಹಾಡಿದವಳನ್ನು ಮೊದಲೇ ‘ಗರತಿ’ಯೆಂದು ಗೊತ್ತುಪಡಿಸಿದೆ ಎಂಬುದನ್ನೂ ಗಮನಿಸಬೇಕು. ಬೆರಳಿನ ಕೌಶಲವನ್ನು ಪ್ರಕೃತಿಯೆಂದು ಕರೆದು ಕೂಲಿ ಕಡಿಮೆ ಮಾಡುವ ಹೊಲದ ಮಾಲೀಕನಿಗೂ, ಚಿಂತನೆಯನ್ನು ಪ್ರಕೃತಿಯೆಂದು ಕರೆದು ಕವಿಯ ಬೆಲೆ ಕಡಿಮೆ ಮಾಡುವ ಸಂಶೋಧಕನಿಗೂ ತರ್ಕದಲ್ಲಿ ವ್ಯತ್ಯಾಸವಿಲ್ಲ.

೬

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಸ್ತ್ರೀಸಹಜ’ವನ್ನು ಕೈಬಿಟ್ಟರೆ ಮಹಿಳಾ ಸಾಹಿತ್ಯದ ಅನನ್ಯತೆಯೇ ಇಲ್ಲವಾಗುವುದಿಲ್ಲವೆ? ಸ್ತ್ರೀವಾದಿಗಳೂ ಹೆಣ್ಣಿನ ಬೇರೆಯದೇ ದನಿಯನ್ನು ಗುರುತಿಸಿದ್ದಾರಲ್ಲವೆ? ಕ್ಯಾರಲ್ ಗಿಲಿಗನ್ ೧೯೮೨ರಲ್ಲಿ, ನ್ಯಾಯದ ನೆಲೆಗಿಂತ ಕಾಳಜಿಯ ನೆಲೆಯಿಂದ ಯೋಚಿಸುವ ಭಿನ್ನ ದನಿಯೊಂದನ್ನು ಹೆಣ್ಣಿನ ಅನುಭವದಲ್ಲಿ ಗುರುತಿಸಿದ್ದು ನಿಜ. ಮುಂದೆ ೨೦೦೦ದಲ್ಲಿ ಆ ಬಗೆಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಅಂತರ ಇತ್ತು, ಆದರೆ ಅಲ್ಪವಾಗಿತ್ತು. ನನ್ನ ದೃಷ್ಟಿಯಲ್ಲಿ ಅನನ್ಯತೆಯ ನೆಲೆ ಸ್ವಭಾವದಲ್ಲಿಲ್ಲ, ಅನುಭವದಲ್ಲಿದೆ. ತವರಿನ ಹಂಬಲ ಹೆಣ್ಣಿನ ಹುಟ್ಟುಗುಣವಲ್ಲ. ಮದುವೆಯಾದ ದಿನ ಮನೆ ಬಿಡಬೇಕಾದವಳ ಅನುಭವ. ಗಂಡು ಮನೆ ಬಿಡುವ ಸಮಾಜವಿದ್ದರೆ ತವರಿನ ಹಾಡನ್ನು ಅವನೂ ಹಾಡುತ್ತಿದ್ದನು. ಅನುಭವಕ್ಕೆ ಚರಿತ್ರೆಯಿದೆ, ಕಾರಣಗಳಿವೆ, ಬದಲಾವಣೆಯ ಸಾಧ್ಯತೆಯಿದೆ. ಸ್ವಭಾವವೆಂದೊಡನೆ ಈ ಮೂರೂ ಮುಚ್ಚಿಹೋಗುತ್ತವೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಒಳಗಿನ ಆತ್ಮಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲವೆಂಬ ಅರಿವು ಜೇಡರ ದಾಸಿಮಯ್ಯ, ಗೊಗ್ಗವ್ವೆಯರ ವಚನಗಳಲ್ಲಿದೆ. ಇಂದಿನ ವಿಜ್ಞಾನ ಹೇಳುವುದನ್ನು ಶರಣರು ಅಂದೇ ಹೇಳಿದ್ದರೆಂದು ಬರೆದುಬಿಡುವ ಆಸೆ ನಮ್ಮಲ್ಲಿ ಹಲವರಿಗಿದೆ. ಅದು ವಚನಕ್ಕೂ ನ್ಯಾಯವಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ವಚನದ್ದು ಅಳೆದು ಕಂಡ ಫಲಿತಾಂಶವಲ್ಲ, ಬದುಕಲು ಕೈಗೊಂಡ ನಿಲುವು. ಅಳತೆಯಲ್ಲಿ ಭೇದ ಕಂಡಾಗಲೂ ಆ ನಿಲುವು ಅಲುಗುವುದಿಲ್ಲ. ಹೆಣ್ಣಿನ ಹಿಡಿತದ ಬಲ ಕಡಿಮೆಯೆಂಬುದು ಸ್ಥಾಪಿತವಾದ ಮಾತ್ರಕ್ಕೆ ಅವಳ ಹಕ್ಕು ಕಡಿಮೆಯಾಗದು. ಸಮಾನತೆಯನ್ನು ಪ್ರಯೋಗಶಾಲೆಯ ಫಲಿತಾಂಶಕ್ಕೆ ಅಡವಿಡಬಾರದೆಂಬ ಪಾಠ ವಚನಕಾರರಿಂದ ಬರಬಹುದಾದದ್ದು.

ಕಡೆಯದಾಗಿ ಮೂರು ಸೂಚನೆಗಳು. ‘ಸ್ತ್ರೀಸಹಜ’ವೆಂದು ಬರೆಯುವ ಸಂಶೋಧಕ ಆ ಗುಣ ಹುಟ್ಟಿನಿಂದ ಬಂದದ್ದೆಂಬುದಕ್ಕೆ ಆಧಾರ ಕೊಡಲಿ; ಇಲ್ಲವಾದರೆ ಮಾರ್ಗದರ್ಶಕರು ಅದನ್ನು ಆಧಾರರಹಿತ ಹೇಳಿಕೆಯೆಂದೇ ಗುರುತಿಸಲಿ. ಎರಡನೆಯದಾಗಿ, ಹೆಣ್ಣಿನ ಪಠ್ಯವನ್ನು ಕುರಿತು ಬಳಸಿದ ವಿಶೇಷಣವನ್ನು ಅದೇ ಛಂದಸ್ಸಿನ, ಅದೇ ಕಾಲದ ಗಂಡಿನ ಪಠ್ಯಕ್ಕೆ ಹಚ್ಚಿ ನೋಡುವ ಕ್ರಮ ನಮ್ಮ ತರಗತಿಗಳಲ್ಲಿ ರೂಢಿಯಾಗಲಿ. ಸರ್ವಜ್ಞನನ್ನೂ ಬೀಸುವ ಪದಗಳನ್ನೂ ಒಂದೇ ಪತ್ರಿಕೆಯಲ್ಲಿ ಜೊತೆಯಾಗಿ ಓದಿಸುವುದು ಇದಕ್ಕೆ ಒಳ್ಳೆಯ ಆರಂಭವಾದೀತು. ಮೂರನೆಯದಾಗಿ, ನಮ್ಮ ಜಾನಪದ ಕ್ಷೇತ್ರಕಾರ್ಯ ಬೀಸುವ ಕಲ್ಲಿನ ಬಳಿಗೇ ನಿಲ್ಲದೆ ಬೀಜದ ಹೊಲಕ್ಕೂ ಹೋಗಲಿ. ಬೀಸುವ ಕಲ್ಲುಗಳು ಬಹುಮಟ್ಟಿಗೆ ಮೂಲೆ ಸೇರಿವೆ. ‘ಕ್ರಾಸಿಂಗ್’ ಮಾಡುವ ಹೆಂಗಸರು ತಮ್ಮ ಕೆಲಸಕ್ಕೆ ಬಳಸುವ ಪದಗಳು, ಗಂಡುಹೆಣ್ಣು ತಳಿಗಳ ಬಗೆಗೆ ಅವರಾಡುವ ಹಾಸ್ಯ, ಅವರು ಕಟ್ಟಿಕೊಂಡಿರುವ ತಿಳಿವಳಿಕೆ ಇವು ಯಾವ ಸಂಗ್ರಹದಲ್ಲಿಯೂ ಸೇರದೆ ಒಂದೊಂದು ಸುಗ್ಗಿಯೊಡನೆ ಕಳೆದುಹೋಗುತ್ತಿವೆ. ಅವುಗಳನ್ನು ದಾಖಲಿಸುವಾಗ ಅದನ್ನು ಅವರ ಸ್ವಭಾವವೆಂದಲ್ಲ, ಅವರ ವಿದ್ಯೆಯೆಂದು ಬರೆಯಬೇಕಾಗಿದೆ.
</pi​ece>